ಹತ್ತು ದಿನಗಳ ಪ್ರವಾಸ

ಮ್ಯಾಡ್ರಿಡ್,
ಭಾನುವಾರ, 4 ಮಾರ್ಚ್ 2007

ನನ್ನ ಬಂಗಾರ ರೊಸ್ಮೆರಿ,

ಕ್ಷೇಮಸಮಾಚಾರ ಕೊನೆಗೆ ಬರೆಯುತ್ತೇನೆ, ಮೊದಲು ಕೆಲಸದ ಮಾತು. ಈ ಕಾಗದ ಒಯ್ಯುವ ನಮ್ಮೂರ ಹೆಂಗಸು ಸಂಜೆ ಆರಕ್ಕೆ ಪಾರ್ಕಿನ ಗೇಟಿನ ಹತ್ತಿರ ಬರುತ್ತಾಳೆ, ಬುಧವಾರ ವಿಮಾನ ಹತ್ತುತ್ತಾಳೆ. ಅಂಚೆಗೆ ಹಾಕಿದರೆ ನಿನ್ನ ಕೈಸೇರುವ ಹೊತ್ತಿಗೆ ಏಪ್ರಿಲ್ ಬಂದಿರುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ಇಲ್ಲಿನ ಫೋನ್ ಅಂಗಡಿಯ ಗೂಡುಗಳ ನಡುವೆ ಇರುವುದು ಬರೀ ತೆಳು ಹಲಗೆ. ನಾನು ಸೀನಿದರೆ ಆಚೆ ಗೂಡಿನವನು ದೇವರ ಹೆಸರು ಹೇಳಿ ಹರಸುತ್ತಾನೆ.

ಕಳೆದ ಭಾನುವಾರ ನೀನೇ ಫೋನಿಗೆ ಬಂದೆಯಲ್ಲ, ನನಗೆ ಇನ್ನೂ ನಂಬಿಕೆ ಬಂದಿಲ್ಲ. ಒಂದು ವರ್ಷದಿಂದ ಅಜ್ಜಿ ಫೋನ್ ಹಿಡಿದಾಗ ಹಿಂದೆ ನೀನು ತಟ್ಟೆ ತೊಳೆಯುವ ಸದ್ದಷ್ಟೇ ನನಗೆ ಕೇಳುತ್ತಿತ್ತು. ಅಂಥವಳು ಬಂದು, "ಬರ್ತೀನಿ. ಏನೇನ್ ಹೇಳ್ಬೇಕು ಬರ್ದು ಕಳ್ಸು" ಎಂದು ಇಟ್ಟುಬಿಟ್ಟೆ. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ. ಖುಷಿಗೋ ಭಯಕ್ಕೋ ಗೊತ್ತಿಲ್ಲ, ಭಯವೇ ಜಾಸ್ತಿ ಇರಬೇಕು.

ಏಪ್ರಿಲ್ ಒಂದರಿಂದ ನಮ್ಮ ಬೊಲಿವಿಯಾದವರಿಗೆ ವೀಸಾ ಬೇಕು. ಹೊಲದಲ್ಲಿ ಮುಸುಕಿನ ಜೋಳ ಬೆಳೆಯುವ ನಮ್ಮ ಪುನಾತಾದ ಜನಕ್ಕೆ ವೀಸಾ ಕೊಡುವವರು ಯಾರು? ಅಲ್ಲಿಯವರೆಗೆ ಪ್ರವಾಸಿ ಎಂದು ಹೇಳಿಕೊಂಡು ಬರಬಹುದು, ಇಲ್ಲಿನ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತ ಅಧಿಕಾರಿ ನಂಬಬೇಕು, ಅಷ್ಟೇ. ನನ್ನ ಕಾಗದಪತ್ರ ಇನ್ನೂ ಆಗಿಲ್ಲ. ನಾನೊಮ್ಮೆ ಇಲ್ಲಿಂದ ಹೊರಟರೆ ಮತ್ತೆ ಒಳಗೆ ಬರುವ ಹಾಗಿಲ್ಲ. ಹಾಗಾಗಿ ಇಪ್ಪತ್ತೆರಡನೇ ತಾರೀಖು ಆ ಗಾಜಿನ ಮುಂದೆ ನೀನು ಆಡುವ ನಾಲ್ಕು ಮಾತಿನ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ನಿಂತಿದೆ.

ನೆಲ್ವಾ ಚಿಕ್ಕಮ್ಮನ ಕಥೆ ನಿನಗೆ ಅರ್ಧ ಗೊತ್ತು. ಜನವರಿಯಲ್ಲಿ ಅವಳನ್ನು ವಾಪಸ್ ಕಳಿಸಿದರಲ್ಲ, ಅವಳು ಊರಲ್ಲಿ ಹೇಳಿಕೊಂಡಿದ್ದು ಏನೋ ಕಾಗದ ಸರಿಯಿರಲಿಲ್ಲ ಅಂತ. ನನಗೆ ಮಾತ್ರ ನಿಜ ಹೇಳಿದಳು. ಆ ವಿಮಾನದಲ್ಲಿ ನಮ್ಮ ಕಣಿವೆಯ ಹನ್ನೆರಡು ಜನ. ಹನ್ನೆರಡು ಜನಕ್ಕೂ ಒಂದೇ ಏಜೆನ್ಸಿಯವನು ಒಂದೇ ಹಾಳೆ ಬರೆದುಕೊಟ್ಟಿದ್ದ. ಎರಡನೇ ದಿನ ಅರಮನೆ, ಮೂರನೇ ದಿನ ಟೊಲೆಡೊ, ನಾಲ್ಕನೇ ದಿನ ಸೆಗೋವಿಯಾ. ಎಲ್ಲರೂ ಗಿಳಿಪಾಠ ಒಪ್ಪಿಸಿದ್ದೇ ಒಪ್ಪಿಸಿದ್ದು. ಇವಳ ಸರದಿ ಬಂದಾಗ ಇವಳು "ಮೂರನೇ ದಿನ..." ಎನ್ನುವಷ್ಟರಲ್ಲಿ ಆ ಅಧಿಕಾರಿಯೇ, "ಟೊಲೆಡೊ. ಆಮೇಲೆ ಸೆಗೋವಿಯಾ. ಐದನೇ ದಿನ ರೆಸ್ಟು, ಅಂಗಡಿ ಸುತ್ತೋದು. ಸರಿನಾ ತಾಯಿ?" ಎಂದನಂತೆ.

ಅಷ್ಟಾದರೂ ದಾಟುತ್ತಿದ್ದಳೇನೋ. ಅವಳ ಜಡೆಯಲ್ಲಿ ಬಣ್ಣದ ಕಾಗದದ ಚೂರಿತ್ತು. ಬೀಳ್ಕೊಡುವಾಗ ತಲೆಯ ಮೇಲೆ ಹಿಡಿ ಹಿಡಿ ಸುರಿಯುತ್ತೇವಲ್ಲ, ಅದೇ. ಹೊರಡುವ ಮೊದಲು ತಲೆ ಬಾಚಿಕೊಳ್ಳಬಾರದು, ಅದೃಷ್ಟ ಉದುರಿಹೋಗುತ್ತದೆ ಎಂದು ಅವಳ ಅತ್ತೆ ಹೇಳಿದ್ದಳಂತೆ. ಅಧಿಕಾರಿ ಅವಳ ತಲೆಯ ಕಡೆ ಬರೀ ದಿಟ್ಟಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವಳು ಜಡೆ ಮುಟ್ಟಿಕೊಂಡಳು, ಒಂದು ಹಳದಿ ಚೂರು ಮೇಜಿನ ಮೇಲೆ ಬಿತ್ತು. "ಹತ್ತು ದಿನದ ಟೂರಿಗೆ ಊರಿಗೆ ಊರೇ ಬಂದು ಹಬ್ಬ ಮಾಡಿ ಕಳಿಸ್ತಾ?" ಎಂದು ಕೇಳಿದನಂತೆ. ಎರಡು ದಿನ ಒಂದು ಕೋಣೆಯಲ್ಲಿ ಕೂರಿಸಿ ತಿರುಗಿ ವಿಮಾನ ಹತ್ತಿಸಿದರು.

ಆದ್ದರಿಂದ ನಿನಗೆ ಏಜೆನ್ಸಿಯವನ ಹಾಳೆ ಬೇಡ. ನಿನ್ನ ಪ್ರವಾಸವನ್ನು ನಾನೇ ಮಾಡಿದ್ದೇನೆ, ಬೇರೆ ಯಾರ ಬಾಯಲ್ಲೂ ಇಲ್ಲದ್ದು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ನಿನಗೆ ಕಳಿಸಿದ ಚಿತ್ರದ ಕಾರ್ಡುಗಳ ಹಿಂದೆ "ಇಲ್ಲಿಗೆ ಹೋಗಿದ್ದೆ, ತುಂಬ ಚೆನ್ನಾಗಿದೆ" ಎಂದು ಬರೆಯುತ್ತಿದ್ದೆನಲ್ಲ, ನಾನೆಲ್ಲಿಗೂ ಹೋಗಿರಲಿಲ್ಲ. ಕಾರ್ಡುಗಳನ್ನು ಮನೆಯ ಕೆಳಗಿನ ಪೇಪರ್ ಅಂಗಡಿಯಲ್ಲಿ ಕೊಂಡದ್ದು. ನಾನು ನೋಡಿಕೊಳ್ಳುವ ಮುದುಕಮ್ಮ ದೋನ್ಯಾ ಮಿಲಾಗ್ರೊಸ್‌ಗೆ ಎಂಬತ್ತನಾಲ್ಕು, ಭಾನುವಾರ ಮಧ್ಯಾಹ್ನ ಬಿಟ್ಟರೆ ನನಗೆ ಬಿಡುವಿಲ್ಲ. ಆ ಬಿಡುವಿನಲ್ಲಿ ಪಾರ್ಕಿಗೆ ಹೋಗಿ ನಮ್ಮವರ ಜೊತೆ ಕೂತು ಹರಟಿ, ಕಾಲು ಚಾಚಿ ಬರುತ್ತಿದ್ದೆ. ನೀನು ಬರಬಹುದು ಎಂದು ಊರಿನಿಂದ ಅಜ್ಜಿ ಸುಳಿವು ಕೊಟ್ಟ ಮೇಲೆ ಮೂರು ಭಾನುವಾರ ನಿಜವಾಗಿ ಹೋದೆ. ಗೊತ್ತಿಲ್ಲದ್ದನ್ನು ನಿನಗೆ ಹೇಗೆ ಬಾಯಿಪಾಠ ಮಾಡಿಸಲಿ?

ಬಂದ ಮರುದಿನ, ಶುಕ್ರವಾರ, ಅರಮನೆ ನೋಡುತ್ತೇನೆ ಎನ್ನು. ಅದನ್ನು ಎಲ್ಲರೂ ನೋಡುತ್ತಾರೆ, ಹೇಳದಿದ್ದರೇ ಅನುಮಾನ. ಶನಿವಾರ ದೊಡ್ಡ ಚಿತ್ರಶಾಲೆ. ಸೋಮವಾರ ಹೋಗುತ್ತೇನೆ ಅಂದೀಯ ಜೋಕೆ, ಸೋಮವಾರ ಬಾಗಿಲು ಹಾಕಿರುತ್ತಾರೆ. ನಮ್ಮೂರ ಒಬ್ಬ ಅದರಲ್ಲೇ ಸಿಕ್ಕಿಬಿದ್ದ. ಅಲ್ಲಿ ಏನು ನೋಡಬೇಕು ಎಂದು ಕೇಳಿದರೆ, ಪುಟ್ಟ ರಾಜಕುಮಾರಿ ಮತ್ತು ಅವಳ ನಾಯಿ ಇರುವ ದೊಡ್ಡ ಚಿತ್ರ ಎನ್ನು. ನಾನು ಅದರ ಮುಂದೆ ಅರ್ಧ ಗಂಟೆ ನಿಂತೆ. ಹುಡುಗಿಯ ಸುತ್ತ ಸೇವಕಿಯರ ದಂಡೇ ಇದೆ, ಅಪ್ಪ ಅಮ್ಮ ಮಾತ್ರ ಹಿಂದಿನ ಗೋಡೆಯ ಕನ್ನಡಿಯಲ್ಲಿ ಹೆಬ್ಬೆರಳಿನಷ್ಟು ಕಾಣುತ್ತಾರೆ. ಕಾವಲಿನವನು ತೋರಿಸದಿದ್ದರೆ ನನಗೂ ಕಾಣುತ್ತಿರಲಿಲ್ಲ.

ಭಾನುವಾರ ಅರಾನ್‌ಹ್ವೆಸ್. ಅತೋಚಾ ನಿಲ್ದಾಣದಿಂದ ಲೋಕಲ್ ರೈಲು, ಮುಕ್ಕಾಲು ಗಂಟೆ ಸಾಕು, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ನದಿಯ ಪಕ್ಕ ರಾಜರ ತೋಟ, ಸ್ಟ್ರಾಬೆರಿಗೆ ಹೆಸರುವಾಸಿ, ಆದರೆ ಮಾರ್ಚಿನಲ್ಲಿ ಇನ್ನೂ ಸರಿಯಾಗಿ ಬಂದಿರುವುದಿಲ್ಲ. "ಸ್ಟ್ರಾಬೆರಿ ಸಿಗೋ ಕಾಲ ಅಲ್ಲ, ಆದ್ರೂ ತೋಟ ನೋಡ್ಬೇಕು" ಎಂದು ನೀನಾಗಿಯೇ ಹೇಳು. ಬಾಯಿಪಾಠ ಮಾಡಿದವರು ಯಾರೂ ಹಾಗೆ ಹೇಳುವುದಿಲ್ಲ. ಮಂಗಳವಾರ ಅಲ್ಕಲಾ. ಅಲ್ಲಿ ಗಂಟೆಗೋಪುರಗಳ ಮೇಲೆಲ್ಲ ಕೊಕ್ಕರೆ ಗೂಡು ಕಟ್ಟಿವೆ. ಕತ್ತೆತ್ತಿ ನೋಡಿ ನೋಡಿ ನನಗೆ ಕುತ್ತಿಗೆ ನೋವು ಬಂತು.

ಈ ಮೂರು ಭಾನುವಾರದಲ್ಲಿ ನಾನು ಕಲಿತದ್ದು ಏನೆಂದರೆ, ಪ್ರವಾಸಿಗಳು ನಿಧಾನವಾಗಿ ನಡೆಯುತ್ತಾರೆ. ನಾನು ಈ ಊರಿನಲ್ಲಿ ಐದೂವರೆ ವರ್ಷ ಬರೀ ಓಡಿದ್ದೇನೆ. ಅರಾನ್‌ಹ್ವೆಸ್ ತೋಟದಲ್ಲೂ ಬಸ್ಸು ತಪ್ಪಿದವಳ ಹಾಗೆ ಓಡಿದ್ದೇ ಓಡಿದ್ದು, ಒಬ್ಬ ಮುದುಕ ದಾರಿ ಬಿಟ್ಟು ನಿಂತುಕೊಂಡ. ಆಮೇಲೆ ಅವರನ್ನೆಲ್ಲ ನೋಡಿ ನಡೆಯುವುದನ್ನು ಅಭ್ಯಾಸ ಮಾಡಿದೆ. ವಿಮಾನದಿಂದ ಇಳಿದ ಮೇಲೆ ನೀನೂ ಹಾಗೆ ನಡೆ, ಗೋಡೆಯ ಚಿತ್ರಗಳನ್ನು ನೋಡುತ್ತಾ. ಮೊದಲು ಸಾಲಿಗೆ ಸೇರಬೇಕೆಂದು ನುಗ್ಗಬೇಡ.

ದೋನ್ಯಾ ಮಿಲಾಗ್ರೊಸ್‌ಗೆ ಅನುಮಾನ ಶುರುವಾಗಿದೆ. ಸೂಪು ಕುಡಿಸುವಾಗ ನಾನು ಪಕ್ಕದಲ್ಲಿ ಪ್ರವಾಸದ ಪುಸ್ತಕ ತೆರೆದಿಟ್ಟುಕೊಂಡಿದ್ದೆ. "ಏನೇ ಕಸಿಲ್ಡಾ, ನನ್ನ ಸಾಯಿಸಿ ಟೂರ್ ಹೊರಟಿದೀಯಾ?" ಎಂದು ಕೇಳಿದರು. ನಗುತ್ತಲೇ ಕೇಳಿದರು, ಆದರೂ ನಾನು ಪುಸ್ತಕ ಮುಚ್ಚಿ ದಿಂಬಿನಡಿ ಸರಿಸಿದೆ.

ಪೆಟ್ಟಿಗೆಗೆ ಬರೋಣ. ಹತ್ತು ದಿನಕ್ಕೆ ಆಗುವಷ್ಟೇ ಬಟ್ಟೆ. ಒಣಮಾಂಸ ಬೇಡ, ಒಣಗಿಸಿದ ಕಪ್ಪು ಆಲೂಗೆಡ್ಡೆ ಬೇಡ, ಅಜ್ಜಿ ಎಷ್ಟೇ ಹಟ ಹಿಡಿಯಲಿ. ನನಗೆ ಆಸೆಯಿಲ್ಲ ಎಂದಲ್ಲ, ಬರೆಯುತ್ತಿರುವಾಗಲೇ ಬಾಯಲ್ಲಿ ನೀರು ಬರುತ್ತಿದೆ. ಆದರೆ ಯಾವ ಪ್ರವಾಸಿ ಒಂದು ಕಿಲೋ ಆಲೂಗೆಡ್ಡೆ ಹೊತ್ತು ಯುರೋಪಿಗೆ ಬರುತ್ತಾಳೆ? ಕ್ಯಾಮೆರಾ ಯಾರಲ್ಲಾದರೂ ಕೇಳಿ ತಾ, ಕುತ್ತಿಗೆಗೆ ಹಾಕಿಕೋ. ಎಲ್ಲರೂ ಮನೆಯಲ್ಲೇ ಬೀಳ್ಕೊಡಲಿ, ವಿಮಾನ ನಿಲ್ದಾಣಕ್ಕೆ ಅಜ್ಜಿಯೊಬ್ಬಳೇ ಸಾಕು. ತಲೆಗೆ ಸ್ನಾನ ಮಾಡಿ ಹೊರಡು, ಬಣ್ಣದ ಕಾಗದ ಯಾರೂ ತರಕೂಡದು. ಈ ಕಾಗದವನ್ನೂ ಓದಿ ಒಲೆಗೆ ಹಾಕು.

ಈಗ ಕಷ್ಟದ ಮಾತು. ಇದನ್ನು ಮುಂದೂಡಲೆಂದೇ ಕೊಕ್ಕರೆ, ಸ್ಟ್ರಾಬೆರಿ ಎಂದು ಇಷ್ಟುದ್ದ ಬರೆದೆನೋ ಏನೋ.

ಸ್ಪೇನಿನಲ್ಲಿ ನಿನ್ನವರು ಯಾರಿದ್ದಾರೆ ಎಂದು ಖಂಡಿತ ಕೇಳುತ್ತಾರೆ. ಯಾರೂ ಇಲ್ಲ ಎನ್ನಬೇಕು. ನಿಮ್ಮಮ್ಮ ಎಲ್ಲಿ ಎಂದು ಕೇಳಿದರೆ, "ಊರಲ್ಲಿ, ಮನೇಲಿದಾರೆ, ನನಗೋಸ್ಕರ ಕಾಯ್ತಾ ಇದಾರೆ" ಎನ್ನಬೇಕು. ಕಣ್ಣು ಕೆಳಗೆ ಹೋಗಬಾರದು, ಗಂಟಲು ಕಟ್ಟಬಾರದು. ಇದೊಂದನ್ನು ಗುರುವಾರ ಸಾಮಾನು ತರಲು ಹೋದಾಗಲೇ ಅಜ್ಜಿಗೆ ಫೋನಿನಲ್ಲಿ ಪಿಸುಗುಟ್ಟಿದ್ದೆ, ನಿನಗೆ ಅಭ್ಯಾಸ ಮಾಡಿಸಲಿ ಎಂದು. ಅಲ್ಲೇ ಇದ್ದ ನೀನು ಏನಂದೆ ಎಂದು ಕೇಳಿದರೆ, ಅಜ್ಜಿಗೆ ಸುಳ್ಳು ಹೇಳಲು ಬರಲಿಲ್ಲ. "ಬೇರೆ ಏನಾದ್ರೂ ಇದ್ರೆ ಕಲಿಸು ಅಂತಾಳೆ ಕಣೆ. ಅಮ್ಮ ಇಲ್ಲ ಅನ್ನೋದು ಆಗ್ಲೇ ಬರುತ್ತಂತೆ" ಎಂದಳು. ನಾನು ಒಳ್ಳೆಯದಾಯಿತು ಎಂದೆ. ಫೋನಿಟ್ಟು ಹೊರಗೆ ಬಂದರೆ ಮನೆಯ ದಾರಿ ಯಾವ ಕಡೆ ಎಂದು ಸ್ವಲ್ಪ ಹೊತ್ತು ತೋಚಲಿಲ್ಲ.

ಹಾಗೆ ಹೇಳುವ ಹಕ್ಕು ನಿನಗಿದೆ. 2001ರ ಆಗಸ್ಟ್‌ನಲ್ಲಿ ನಾನು ಇದೇ ಪ್ರವಾಸದ ಕಥೆಯನ್ನು ಅಧಿಕಾರಿಗೆ ಹೇಳುವ ಮೊದಲು ನಿನಗೆ ಹೇಳಿದ್ದೆ. ಹತ್ತು ದಿನ ಮಗಳೇ, ಅರಮನೆ ನೋಡಿ ಬಂದುಬಿಡ್ತೀನಿ ಎಂದಿದ್ದೆ. ಆಗ ನಿನಗೆ ಹನ್ನೆರಡು ವರ್ಷ. ಹನ್ನೊಂದನೆಯ ದಿನ ನೀನು ಶಾಲೆಯ ಸಮವಸ್ತ್ರದಲ್ಲೇ ಅಜ್ಜಿಯನ್ನು ಎಳೆದುಕೊಂಡು ಕೊಚಬಾಂಬಾ ವಿಮಾನ ನಿಲ್ದಾಣಕ್ಕೆ ಹೋಗಿ, ಕೊನೆಯ ವಿಮಾನ ಬರುವವರೆಗೆ ಕೂತಿದ್ದೆಯಂತೆ. ಅಜ್ಜಿ ಅದನ್ನು ನನಗೆ ಹೇಳಿದ್ದು ಎರಡು ವರ್ಷ ಕಳೆದ ಮೇಲೆ. ನಾನು ಆ ಬಗ್ಗೆ ನಿನ್ನನ್ನು ಇದುವರೆಗೆ ಕೇಳಿಲ್ಲ, ಧೈರ್ಯ ಬರಲಿಲ್ಲ.

ನೀನು ಅತ್ತು ಗಲಾಟೆ ಮಾಡಿ ಗುಟ್ಟು ಬಿಟ್ಟುಕೊಡುತ್ತೀಯ ಎಂಬ ಭಯಕ್ಕೆ ಸುಳ್ಳು ಹೇಳಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ಪೂರ್ತಿ ನಿಜವಲ್ಲ. ನಿಜ ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಬೇಡ ಅಂದಿದ್ದರೆ ನಾನು ಹೊರಡುತ್ತಿರಲಿಲ್ಲ. ನನಗೆ ಹೊರಡಬೇಕಿತ್ತು. ನಿಮ್ಮಪ್ಪ ಹೋದ ಮೇಲೆ ಆ ಮನೆಯಲ್ಲಿ ನನಗೆ ಉಸಿರುಕಟ್ಟಿತ್ತು.

ಇನ್ನು ಕ್ಷೇಮಸಮಾಚಾರ. ನಾನು ಚೆನ್ನಾಗಿದ್ದೇನೆ, ಮಂಡಿನೋವು ಬಿಟ್ಟರೆ. ನನ್ನ ಕೋಣೆ ಸಣ್ಣದು, ಇಬ್ಬರಿಗೆ ಹೇಗೋ ಆಗುತ್ತದೆ. ನಿನಗೆಂದು ಒಂದು ಕಂಬಳಿ ತಂದು ಮಂಚದ ಕೆಳಗಿಟ್ಟಿದ್ದೇನೆ. ಹದಿನೈದನೇ ಹುಟ್ಟುಹಬ್ಬಕ್ಕೆ ಕಳಿಸಿದ ಅಂಗಿ ಎರಡು ಇಂಚು ಗಿಡ್ಡವಾಗಿತ್ತಂತೆ. ಈ ಸಲ ಅಂದಾಜಿನಲ್ಲಿ ಏನನ್ನೂ ಕೊಂಡಿಲ್ಲ, ನೀನು ಬಂದ ಮೇಲೆ ಜೊತೆಗೆ ಹೋಗೋಣ. ಅಜ್ಜಿಗೆ ಮಾತ್ರೆ ತಪ್ಪಿಸಬೇಡ ಎಂದು ಹೇಳು.

ಹುಷಾರಾಗಿ ಬಾ, ನನ್ನ ಕಂದ. ದಾರಿಯುದ್ದಕ್ಕೂ ಏನಾದರೂ ತಿನ್ನುತ್ತಿರು, ಖಾಲಿ ಹೊಟ್ಟೆಯಲ್ಲಿ ಹೆದರಿಕೆ ಜಾಸ್ತಿ.

ನಿನ್ನನ್ನು ಕಾಯುತ್ತಿರುವ,
ಅಮ್ಮ
ಕಸಿಲ್ಡಾ

ತಾ.ಕ.: ಆರಕ್ಕೆ ಇನ್ನು ಹತ್ತು ನಿಮಿಷವಿದೆ, ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ನಾನು ಈ ಮನೆಗೆ ಕೆಲಸಕ್ಕೆ ಬಂದ ದಿನ, ದೋನ್ಯಾ ಮಿಲಾಗ್ರೊಸ್ ಅವರ ಮಗ ಮಕ್ಕಳಿದ್ದಾರಾ ಎಂದು ಕೇಳಿದ್ದ. ಮಕ್ಕಳಿರುವವರನ್ನು ಅವನು ಇಟ್ಟುಕೊಳ್ಳುತ್ತಿರಲಿಲ್ಲ. ನಾನು ಇಲ್ಲ ಎಂದೆ. ಮೊದಲ ಸಲ ನಾಲಿಗೆ ತೊದಲಿತು, ಮೂರನೆಯ ಸಲಕ್ಕೆ ತೊದಲಲಿಲ್ಲ. ಈ ಓಣಿಯಲ್ಲಿ ಇವತ್ತಿಗೂ ನಾನು ಮಕ್ಕಳಿಲ್ಲದವಳು. ಅದು ಹೇಗೆ ಅಭ್ಯಾಸವಾಗಿಬಿಡುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು ರೊಸ್ಮೆರಿ. ಮೇಲೆ ಬರೆದದ್ದನ್ನೆಲ್ಲ ಕಲಿತುಕೋ, ಆ ಒಂದು ಮಾತು ಬಿಟ್ಟು. ಅಮ್ಮ ಎಲ್ಲಿ ಎಂದು ಆ ಅಧಿಕಾರಿ ಕೇಳಿದರೆ, ಹೊರಗೆ ನಿಂತಿದ್ದಾಳೆ ಎಂದು ಹೇಳು. ವಾಪಸ್ ಕಳಿಸಿದರೆ ಕಳಿಸಲಿ, ಮರುದಿನದ ವಿಮಾನದಲ್ಲಿ ನಾನೂ ಬರುತ್ತೇನೆ.