ಎದ್ದು ನಿಲ್ಲುವ ಒಂದು ನಿಮಿಷ

ಮಾನ್ಯ ಸಭಾಧ್ಯಕ್ಷರ ಸನ್ನಿಧಾನಕ್ಕೆ ವಂದನೆಗಳು.

ದೈವಕೃಪೆಯಿಂದ ಮೂವತ್ತೆಂಟು ವರ್ಷ ಶಾಸಕನಾಗಿ ಸದನದಲ್ಲಿ ಕುಳಿತಿರುವೆನು. ಸಣ್ಣ ಆಸ್ಪತ್ರೆಗಳನ್ನು ಮುಚ್ಚುವ ಮಸೂದೆಯು ಧ್ವನಿಮತಕ್ಕೆ ಬಂದ ದಿನ ತೂಕಡಿಸುತ್ತಿದ್ದೆನು. ಪಕ್ಕದವರು "ಹೌದು" ಎಂದಾಗ ಕಣ್ಣು ತೆರೆಯದೆಯೇ ನಾನೂ "ಹೌದು" ಎಂದೆನು.

ಕಳೆದ ವಾರ ನನ್ನ ತಂಗಿಗೆ ಎದೆನೋವು ಬಂದಾಗ ನಮ್ಮೂರ ಆಸ್ಪತ್ರೆಗೆ ಬೀಗ ಬಿದ್ದಿತ್ತು. ದೂರದ ಆಸ್ಪತ್ರೆಯ ದಾರಿಯಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು, "ಇದನ್ನ ಮುಚ್ಚಿಸಿದ ಪುಣ್ಯಾತ್ಮ ಯಾರಣ್ಣಾ? ನಿಮ್ಮ ಸಭೇಲಿ ಸ್ವಲ್ಪ ಕೇಳು" ಎಂದಳು. ಅದೇ ಅವಳ ಕೊನೆಯ ಮಾತಾಯಿತು.

ಅವಳಂಥ ಸಾಮಾನ್ಯರಿಗಾಗಿ ಸದನವು ಎದ್ದು ನಿಲ್ಲದೆಂದು ಬಲ್ಲೆನು. ಆದುದರಿಂದ ಒಂದೇ ಬಿನ್ನಹ: ನನ್ನ ಮರಣಾನಂತರ ಸದನದ ಸಂತಾಪಸೂಚನೆಯ ದಿನ ಗುಣಗಾನ ಬೇಡ. ಈ ಪತ್ರವನ್ನು ಓದಿಸಿ, ಮೌನಾಚರಣೆಯ ಆ ಒಂದು ನಿಮಿಷ ಅವಳಿಗಾಗಿ ನಿಲ್ಲಿರಿ.

ಇಂತು,
ತಮ್ಮ ಸದನದ ಹಿರಿಯ ಸದಸ್ಯ