ಬಲಗಿವಿಯ ಅಳತೆ

ತಂಗೀ,
ಕಿವಿಯೊಂದನ್ನು ಬಿಟ್ಟರೆ ನಿನ್ನ ಭಾವ ಆರಾಮ. ಅಪಘಾತದಲ್ಲಿ ಹೋದ ಬಲಗಿವಿಯ ಜಾಗಕ್ಕೆ ಇಲ್ಲಿನ ಆಸ್ಪತ್ರೆಯವರು ಹೊಸದನ್ನು ಪ್ರಿಂಟ್ ಮಾಡಿದ್ದಾರೆ. ಇವರದೇ ಜೀವಕೋಶಗಳನ್ನು ಅಂಟಿನಂಥ ರಸದಲ್ಲಿ ಕಲಸಿ ಕೊಟ್ಟರೆ ಮಷೀನು ಎಳೆ ಎಳೆಯಾಗಿ ಪೇರಿಸುತ್ತದಂತೆ. ಎಡಗಿವಿಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿದರೆ ಬಲಗಿವಿಯಂತೆ. ಟೇಪು ಹಿಡಿಯದವರ ಅಳತೆಯನ್ನು ನಾನು ನಂಬುವವಳೇ? ಇವತ್ತು ಗಾಜಿನ ಡಬ್ಬಿಯಲ್ಲಿ ತಂದು ತೋರಿಸಿದರು. ನೋಡಿದವಳೇ, "ಇದು ಎಡಗಿವಿ" ಅಂದೆ.

"ಮಷೀನು ತಪ್ಪು ಮಾಡಲ್ಲ ಅಮ್ಮ," ಅಂದರು ಡಾಕ್ಟರು.

"ಹಾಗಾದ್ರೆ ಡಬ್ಬೀನ ಇವರ ಎಡಗಿವಿ ಪಕ್ಕ ಹಿಡೀರಿ."

ಹಿಡಿದರು. ಎರಡೂ ಅಚ್ಚು ಹೊಡೆದ ಹಾಗೆ ಒಂದೇ. ಮಗುಚುವುದನ್ನೇ ಮರೆತಿದ್ದರು. ನೀನು ಹೊಲಿಗೆ ಕಲಿಯುವಾಗ ಅಪ್ಪನ ಅಂಗಿಗೆ ಎರಡೂ ಎಡತೋಳನ್ನೇ ಕತ್ತರಿಸಿದ್ದೆಯಲ್ಲ, ಅದೇ ತಪ್ಪು.

ಹೊಸ ಕಿವಿಗೆ ಇನ್ನೂ ಮೂರು ವಾರ ಬೇಕಂತೆ. ಅಲ್ಲಿಯವರೆಗೆ ನಮ್ಮ ಹೊಲಿಗೆ ಅಂಗಡಿ ನೀನೇ ನೋಡಿಕೋ. ಆಪರೇಷನ್ ಮುಗಿಯುವ ತನಕ ನಾನು ಟೇಪನ್ನು ಕೊರಳಿಂದ ಇಳಿಸುವುದಿಲ್ಲ. ನಿನ್ನಂಥ ದಡ್ಡಿ ಪ್ರಪಂಚದಲ್ಲೇ ಇಲ್ಲ ಅಂತ ಅವತ್ತು ಬೈದಿದ್ದೆ. ಆ ಮಾತು ವಾಪಸ್.
ಅಕ್ಕ