ಕಂಬದ ಮೇಲಿನ ಹಾಜರಿ

ಕಿಗಂಗಾಜೊ
೧೧ ಆಗಸ್ಟ್ ೨೦೨೦, ಮಂಗಳವಾರ

ಪ್ರೀತಿಯ ಲುಕ್ವಾಗೊ ಅಣ್ಣನಿಗೆ,

ನಿನ್ನ ಮಂಡಿನೋವು ಹೇಗಿದೆ? ದೋಣಿ ರಿಪೇರಿ ಮಾಡುವಾಗ ಒದ್ದೆ ಮರಳಿನ ಮೇಲೆ ಮಂಡಿಯೂರಬೇಡ, ಗೋಣಿಚೀಲ ಹಾಸಿಕೊ ಎಂದು ಅಮ್ಮ ಹೇಳುತ್ತಿದ್ದಳು. ಈಗ ಹೇಳುವವಳು ನಾನೊಬ್ಬಳೇ ಉಳಿದಿದ್ದೇನೆ. ಅತ್ತಿಗೆ, ಮಕ್ಕಳು ಎಲ್ಲ ಜ್ವರ ಕೆಮ್ಮಿಲ್ಲದೆ ಇದ್ದೀರೆಂದು ನಂಬಿದ್ದೇನೆ. ನೀನು ಕಳಿಸಿದ ಹೊಗೆಮೀನು ಸಿಕ್ಕಿತು. ಕಡಲೆಕಾಯಿ ಸಾರಿನಲ್ಲಿ ಬೇಯಿಸಿ ಬೇಯಿಸಿದ ಬಾಳೆಕಾಯಿಯ ಮಟೋಕೆಯ ಜೊತೆ ತಿಂದೆ. ನನ್ನ ತಟ್ಟೆಯ ಜೊತೆ ಅಮ್ಮನ ತಟ್ಟೆಯನ್ನೂ ತೊಳೆದಿಡುತ್ತೇನೆ, ಯಾಕೆಂದು ಕೇಳಬೇಡ.

ಅವಳ ಸಮಾಧಿಯ ಸುತ್ತ ಹುಲ್ಲು ಕಿತ್ತಿದ್ದೇನೆ. ಲಾಕ್‌ಡೌನಿನಲ್ಲಿ ದೋಣಿಗಳೆಲ್ಲ ನಿಂತಿದ್ದ ಹೊತ್ತಿನಲ್ಲಿ ಅವಳು ಹೋದಳು, ನಿನಗೆ ದ್ವೀಪದಿಂದ ಬರಲಾಗಲಿಲ್ಲ. ಅದಕ್ಕೆ ಇಲ್ಲಿ ಯಾರೂ ನಿನ್ನನ್ನು ದೂರುತ್ತಿಲ್ಲ. ಬ್ಯಾಟರಿ ಅಂಗಡಿಯ ಮುಟ್ಯಾಬಾ ಕಂಬದ ಮೇಲಿನ ಮೈಕಿನಲ್ಲಿ ಅವಳ ಹೆಸರು ಓದಿದಾಗ ಗುಡ್ಡದ ಕೆಳಗಿನ ತೋಟಗಳಲ್ಲಿ ಗುದ್ದಲಿಗಳು ನಿಂತವು. ಮಣ್ಣಿಗೆ ಬಂದದ್ದು ಮಾತ್ರ ನಾಲ್ಕೇ ಜನ. ಅಷ್ಟೇ ಬಿಡುತ್ತಿದ್ದರು. ಆಮೇಲೆ ಬಹಳ ದಿನ ಆ ಕಂಬದ ಹತ್ತಿರ ಹೋಗದೆ ಹಿಂದಿನ ದಾರಿಯಿಂದ ಪೇಟೆಗೆ ಹೋಗುತ್ತಿದ್ದೆ.

ಆದರೂ ಕೊನೆಗೆ ಅದೇ ಕಂಬದ ಬುಡಕ್ಕೆ ನಾನಾಗಿಯೇ ಹೋದೆ. ಶಾಲೆ ಮುಚ್ಚಿ ತಿಂಗಳುಗಳಾಗಿವೆ. ರೇಡಿಯೋದಲ್ಲಿ ಪಾಠ ಬರುತ್ತದೆ ಎನ್ನುತ್ತಾರೆ, ಆದರೆ ರೇಡಿಯೋ ಇರುವ ಮನೆಯಲ್ಲಿ ಸೆಲ್ ಇಲ್ಲ, ಸೆಲ್ ಇದ್ದರೆ ಅಪ್ಪ ಸುದ್ದಿ ಬಿಟ್ಟು ಕೊಡುವುದಿಲ್ಲ. ಮಕ್ಕಳು ಇಟ್ಟಿಗೆ ಹೊರುತ್ತ, ಜೋಳಕ್ಕೆ ಬರುವ ಮಂಗ ಓಡಿಸುತ್ತ ಒಬ್ಬೊಬ್ಬರಾಗಿ ನನ್ನ ಕಣ್ಣಿಂದ ಮರೆಯಾಗುತ್ತಿದ್ದರು. ಬೆಳಿಗ್ಗೆ ಸ್ವಲ್ಪ ಹೊತ್ತು ಮೈಕು ಕೊಡು ಎಂದು ಮುಟ್ಯಾಬಾನನ್ನು ಕೇಳಿದೆ. ಅವನು ಗಡ್ಡ ಕೆರೆದುಕೊಂಡು, "ಟೀಚರ್, ಈ ಗಂಟಲು ಸತ್ತವರಿಗೆ, ಕಳೆದುಹೋದ ಮೇಕೆಗೆ ಅಂತ ಇರೋದು. ಮಗ್ಗಿ ಹೇಳಿದ್ರೆ ಕೆಟ್ಟುಹೋದೀತು" ಎಂದ. ಆಮೇಲೆ ತಾನೇ ವೈರು ಸರಿಮಾಡಿಕೊಟ್ಟ.

ಮೊದಲ ದಿನ ನಾನು ಮಾಡಿದ ಕೆಲಸ ಕೇಳಿದರೆ ನೀನು ನಗುತ್ತೀಯ. ತರಗತಿಗೆ ಹೋದರೆ ಟೀಚರ್ ಮೊದಲು ಮಾಡುವುದೇನು? ಹಾಜರಿ. ಹಾಗೇ ಕೂತು ಮಕ್ಕಳ ಹೆಸರು ಓದುತ್ತ ಹೋದೆ. ಮೈಕಿನಲ್ಲಿ ಬಂದ ಹೆಸರೆಂದರೆ ಸತ್ತವರ ಹೆಸರು ಎಂಬುದು ನನಗೆ ಹೊಳೆಯಲೇ ಇಲ್ಲ. ಐದಾರು ಹೆಸರು ಓದುವಷ್ಟರಲ್ಲಿ ಕೆಳಗಿನಿಂದ ಅಳು ಎದ್ದಿತು. ಕಿಬಿರಂಗೊನ ಅಜ್ಜಿ ಗೆಣಸಿನ ಹೊಲದಿಂದ ಮನೆಗೆ ಓಡಿ, ಹೆಣಕ್ಕೆ ಸುತ್ತುವ ತೊಗಟೆಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು, ಎದೆ ಬಡಿದುಕೊಳ್ಳುತ್ತ ಗುಡ್ಡ ಹತ್ತಿ ಬಂದಳು. ಅವಳ ಹಿಂದೆಯೇ ಆ ಕಿಬಿರಂಗೊ, ಬಾಯಿ ತುಂಬ ಸೀಬೆಹಣ್ಣು ತುಂಬಿಕೊಂಡು, ಸತ್ತದ್ದು ಯಾರು ಎಂದು ನೋಡಲು ಓಡಿ ಬಂದ! ಅಜ್ಜಿ ಅವನ ಕಿವಿ ಹಿಡಿದು ತಿರುವಿ, ಬದುಕಿದ್ದಾನೆಂದು ಖಾತ್ರಿ ಮಾಡಿಕೊಂಡು ನನ್ನ ಕಡೆ ತಿರುಗಿದಳು. "ನೀನೇನು ಟೀಚರೋ, ಸಾವಿನ ಮನೆ ಗುಮಾಸ್ತೆಯೋ? ಇಡೀ ಊರಿನ ಮಕ್ಕಳನ್ನ ಒಂದೇ ಉಸಿರಲ್ಲಿ ಮುಗಿಸಿಬಿಟ್ಯಲ್ಲೇ!" ಮುಟ್ಯಾಬಾ ನಗು ತಡೆಯಲಾಗದೆ ಅಂಗಡಿಯೊಳಗೆ ಓಡಿದ. ಅಮ್ಮ ಹೋದಮೇಲೆ ನಾನೂ ಅವತ್ತೇ ಮೊದಲು ನಕ್ಕದ್ದು.

ಆದರೆ ಅಜ್ಜಿ ಹೋಗುವಾಗ ಹೇಳಿದ ಮಾತು ಸರಿಯಾಗಿತ್ತು. "ಹೆಸರು ಕೂಗ್ತೀಯಾ, ಕೂಗು. ಬದುಕಿದ್ದೀನಿ ಅಂತ ಮಗು ತಿರುಗಿ ಹೇಳೋಕೆ ಒಂದು ದಾರಿ ಮಾಡು." ಹಾಗಾಗಿ ಮರುದಿನದಿಂದ ಮೊದಲು ಏಳರ ಮಗ್ಗಿ, ಆಮೇಲೆ ಹಾಜರಿ. ಮಗ್ಗಿ ಕೇಳಿದರೆ ಯಾರೂ ಸತ್ತಿಲ್ಲ ಎಂದರ್ಥ. ಹೆಸರು ಕರೆದಾಗ ಆ ಮಗು ಮನೆಯಂಗಳದಿಂದಲೇ ನೀರಿನ ಹಳದಿ ಕ್ಯಾನಿನ ಮೇಲೆ ಕುಲಕ್ಕೊಂದರಂತೆ ಇರುವ ಡೋಲಿನ ಬಡಿತಗಳಲ್ಲಿ ತನ್ನ ಕುಲದ್ದನ್ನು ಬಡಿಯಬೇಕು. ಒಂದೇ ಕುಲದವರು ಹಲವರಿದ್ದರೆ ಕೊನೆಗೆ ತಮ್ಮದೇ ಒಂದು ಗುರುತು ಸೇರಿಸಬೇಕು. ಅಣ್ಣಾ, ನೀನು ಒಮ್ಮೆ ಕೇಳಬೇಕಿತ್ತು. ಮಂಜು ಬಾಳೆತೋಟಗಳ ಮೇಲೆ ಇನ್ನೂ ಮಲಗಿರುವಾಗ ಒಂದೊಂದು ಕಡೆಯಿಂದ ಒಂದೊಂದು ಬಡಿತ ಬರುತ್ತಿತ್ತು. ನಾನು ಕಂಬದ ಕೆಳಗೆ ಕೂತು ಗುರುತು ಹಾಕಿಕೊಳ್ಳುತ್ತಿದ್ದೆ. ಇಂಥವನು ಬದುಕಿದ್ದಾನೆ, ಮನೆಯಲ್ಲಿದ್ದಾನೆ, ನನ್ನವನಾಗಿದ್ದಾನೆ.

ನಬ್ಬೋಸಾ ಎಂಬ ಆರನೆಯ ತರಗತಿಯ ಹುಡುಗಿಯ ವಿಷಯ ನಿನಗೆ ಹಿಂದೆ ಬರೆದಿಲ್ಲ. ಹದಿಮೂರು ವರ್ಷ. ತಾಯಿ ಇಲ್ಲ, ಸೋದರತ್ತೆಯ ಮನೆಯಲ್ಲಿ ಬೆಳೆಯುತ್ತಿದ್ದಳು. ಮಂಬಾ ಮೀನಿನ ಕುಲ, ನಮ್ಮ ಅಮ್ಮನ ಕುಲವೇ. ಅವಳ ಬಡಿತದ ಕೊನೆಗೆ ಎರಡು ನಿಧಾನದ ಪೆಟ್ಟು. ಅವಳು ಯಾವಾಗಲೂ ತಡ. ಆ ಹೊತ್ತಿಗೆ ತೊರೆಯಿಂದ ನೀರು ಹೊತ್ತು ಏರು ಹತ್ತುತ್ತಿರುತ್ತಾಳೆ, ಕ್ಯಾನು ಇಳಿಸಿದ ಮೇಲಲ್ಲವೇ ಬಡಿಯುವುದು? ತುಂಬಿದ ಕ್ಯಾನಿನ ಸದ್ದು ಬೇರೆ, ಮಂದ. ಮುಟ್ಯಾಬಾ, "ಮುಂದಿನ ಹೆಸರು ಓದಿ ಟೀಚರ್, ಬ್ಯಾಟರಿ ನಿಮ್ಮಪ್ಪಂದಾ?" ಎಂದು ಗೊಣಗುತ್ತಿದ್ದ. ನಾನು ಕಾಯುತ್ತಿದ್ದೆ. ಅವಳಿಗಾಗಿ ಕಾಯುತ್ತಿದ್ದೆನೋ, ಅಮ್ಮನ ಕುಲದ ಬಡಿತಕ್ಕಾಗಿಯೋ, ನನಗೇ ತಿಳಿಯದು.

ಹೋದ ವಾರ ಅದು ನಿಂತಿತು. ಮೊದಲ ದಿನ ಕ್ಯಾನು ಒಡೆದಿರಬಹುದು ಎಂದುಕೊಂಡೆ. ಮರುದಿನವೂ ಇಲ್ಲ. ಅವಳ ಮನೆಗೆ ಹೋದೆ. ಸೋದರತ್ತೆ ಅವರೆ ಸುಲಿಯುತ್ತ ತಲೆಯೆತ್ತಲಿಲ್ಲ. "ದ್ವೀಪಕ್ಕೆ ಹೋದ್ಳು, ಹೋಟೆಲಲ್ಲಿ ಪಾತ್ರೆ ತೊಳೆಯೋಕೆ." ಯಾವ ದ್ವೀಪ ಎಂದೆ. "ನೀರೊಳಗಿರೋದು." ಅವಳಿಗೆ ಶಾಲೆ ಇದೆ ಎಂದೆ. ಆಗ ತಲೆಯೆತ್ತಿದಳು. "ಎಲ್ಲಿದೆ ನಿಮ್ಮ ಶಾಲೆ? ಆ ಕಂಬದ ಮೇಲಾ? ಅದೇನು ಅವಳಿಗೆ ಅನ್ನ ಹಾಕುತ್ತಾ?" ಗೋಡೆಗೆ ಹೊಸ ಹಾಸಿಗೆ ಒರಗಿತ್ತು, ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಪಕ್ಕದಲ್ಲಿ ಸಕ್ಕರೆ, ಉಪ್ಪು, ಸೋಪಿನ ಕಟ್ಟು. ಹೆಣ್ಣು ಕೇಳಲು ಬಂದವರು ತರುವ ವಸ್ತುಗಳು ಯಾವುವು ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಊರ ಅಧ್ಯಕ್ಷರ ಹತ್ತಿರ ಹೋದೆ. "ಅವರ ಮನೆ ಹುಡುಗಿ, ಅವರಿಷ್ಟ. ಎತ್ತರವಾಗೂ ಬೆಳೆದಿದ್ದಾಳೆ" ಎಂದರು. ಪೊಲೀಸರು ದೋಣಿಗೆ ಪೆಟ್ರೋಲಿಲ್ಲ ಎಂದರು. ನಮ್ಮ ಮುಖ್ಯೋಪಾಧ್ಯಾಯರು ಒಳ್ಳೆಯವರೇ, ಅವರೂ "ಶಾಲೆ ಮುಚ್ಚಿದೆಯಮ್ಮ, ಈಗ ಅವಳು ನಮ್ಮ ಹುಡುಗಿ ಅಂತ ಹೇಳೋಕೆ ನಮಗೇನು ಹಕ್ಕಿದೆ?" ಎಂದು ಬಾಗಿಲು ಹಾಕಿಕೊಂಡರು. ಮನೆಗೆ ಬಂದು ಒಲೆಯ ಮುಂದೆ ಕೂತೆ, ಬೆಂಕಿ ಹಚ್ಚಲಿಲ್ಲ. ಅಮ್ಮನಿಗಾದರೆ ಕೈ ಹಿಡಿದು ಕೂರುವುದಾದರೂ ಇತ್ತು. ಬದುಕಿರುವ ಮಗುವನ್ನು ನೀರು ಹೀಗೆ ಸದ್ದಿಲ್ಲದೆ ನುಂಗಿದರೆ ಏನು ಮಾಡಬೇಕೋ ನನಗೆ ಗೊತ್ತಾಗುತ್ತಿಲ್ಲ. ಬೆಳಿಗ್ಗೆ ಅವಳ ಹೆಸರು ಓದುವಾಗ ನನ್ನ ದನಿ, ಅಮ್ಮನ ಹೆಸರು ಓದಿದ ಮುಟ್ಯಾಬಾನ ದನಿಯಂತೆಯೇ ಕೇಳುತ್ತದೆ.

ನಿನ್ನೆ ದೋಣಿಯ ವಸ್ವಾ ಸಿಕ್ಕಿದ, ಈ ಪತ್ರ ತರುವವನೂ ಅವನೇ. ಬೆಳ್ಳಿಮೀನು ಹಿಡಿಯುವ ಟೋಪಿಯವನೊಬ್ಬನ ಹಿಂದೆ ನಬ್ಬೋಸಾ ನಿಮ್ಮ ದ್ವೀಪದ ದಡದಲ್ಲೇ ಇಳಿದದ್ದನ್ನು ಅವನು ಕಂಡಿದ್ದಾನೆ. ಯಾವ ಮನೆಯೆಂದು ಗೊತ್ತಿಲ್ಲವಂತೆ. ನಿಮ್ಮಲ್ಲಿ ತಗಡಿನ ಗುಡಿಸಲುಗಳು ಒಂದರ ಬೆನ್ನಿಗೊಂದು ಅಂಟಿಕೊಂಡಿವೆಯಲ್ಲ. ಬೆಳ್ಳಿಮೀನಿನವರು ಬೆಳದಿಂಗಳು ಮುಗಿಯುವವರೆಗೆ ಮಾತ್ರ ನಿಲ್ಲುತ್ತಾರೆ, ದೀಪ ಹಚ್ಚಿ ಮೀನು ಹಿಡಿಯುವ ಕತ್ತಲ ರಾತ್ರಿಗಳು ಬಂದರೆ ಡೇರೆ ಕಿತ್ತು ಬೇರೆ ದ್ವೀಪಕ್ಕೆ ಹೋಗುತ್ತಾರೆ. ಚಂದ್ರ ಆಗಲೇ ಸವೆಯುತ್ತಿದ್ದಾನೆ.

ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳ ಕೆನ್ನೆಗೆ ಅಜ್ಜಿಯ ಲೆಕ್ಕದ್ದೂ ಸೇರಿಸಿ ಮುತ್ತು. ಸರೋವರ ನಿನ್ನನ್ನು ಕಾಯಲಿ.

ನಿನ್ನ ತಂಗಿ
ನಂಟೊಂಗೊ

ವಿ.ಸೂ. ವಸ್ವಾ ಇಂಜಿನ್ ಶುರುಮಾಡಿ ಕೂಗುತ್ತಿದ್ದಾನೆ. ಅಣ್ಣಾ, ಮನೆಮನೆಗೆ ಹೋಗಿ ಕೇಳಬೇಡ, ಬಚ್ಚಿಟ್ಟುಬಿಡುತ್ತಾರೆ. ನಿಮ್ಮ ದಡದಲ್ಲೂ ಮೈಕಿದೆ. ಬೆಳಿಗ್ಗೆ ಮಂಜು ಏಳುವ ಮುನ್ನ ಹೋಗು. ಮೊದಲು ಏಳರ ಮಗ್ಗಿ ಹೇಳು, ಆಮೇಲೆ ಈ ಹಾಳೆಯ ಹಿಂದೆ ಬರೆದಿರುವ ಹೆಸರುಗಳನ್ನು ಮೊದಲಿನಿಂದ, ಒಂದೂ ಬಿಡದೆ ಓದು. ಟೋಪಿಯವನಿಗೆ ಅದೇನೆಂದು ತಿಳಿಯುವುದಿಲ್ಲ, ಅವಳಿಗೆ ತಿಳಿಯುತ್ತದೆ. ಪಾತ್ರೆಯೋ ತಗಡೋ, ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾಳೆ. ಅಮ್ಮನ ಕುಲದ ಬಡಿತ ನಿನಗೆ ಗೊತ್ತಲ್ಲ, ಕೊನೆಗೆ ಎರಡು ನಿಧಾನದ ಪೆಟ್ಟು. ಎಲ್ಲಿಂದ ಬಂತೋ ಅಲ್ಲಿಗೆ ಅತ್ತಿಗೆಯನ್ನೂ ನಾಲ್ಕು ಜನರನ್ನೂ ಕರೆದುಕೊಂಡು ನಡೆ. ಮೊದಲ ದಿನ ಬಾರದಿದ್ದರೆ ಮರುದಿನವೂ ಓದು. ಅವಳ ಹೆಸರಾದ ಮೇಲೆ ಯಾರು ಏನೇ ಗೊಣಗಲಿ, ಮುಂದಿನ ಹೆಸರಿಗೆ ಹೋಗಬೇಡ. ಅವಳು ಯಾವಾಗಲೂ ತಡ. ಕಾಯು.